ಕ್ಯೂಆರ್ ಹರಿದು ಹಾಕಿದರೆ ಲೆಕ್ಕ ಅಳಿಸಿ ಹೋಗುತ್ತಾ?

"ನೋ ಯುಪಿಐ, ಓನ್ಲಿ ಕ್ಯಾಶ್."

2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಯಾವ ಬೀದಿಗೆ ಹೋದರೂ ಈ ಬೋರ್ಡು ಕಣ್ಣಿಗೆ ಬಿತ್ತು. ಬೇಕರಿಯ ಗಾಜಿನ ಮೇಲೆ, ಕಾಂಡಿಮೆಂಟ್ಸ್ ಅಂಗಡಿಯ ಬಾಳೆಗೊನೆ ಪಕ್ಕದಲ್ಲಿ, ಎಳನೀರಿನ ಗಾಡಿ ಮೇಲೆ. ಅಚ್ಚು ಹಾಕಿಸಿದ ಬೋರ್ಡೂ ಅಲ್ಲ, ಬಿಸ್ಕತ್ ರಟ್ಟಿನ ಹಿಂಭಾಗದಲ್ಲಿ ಮಾರ್ಕರ್ ಪೆನ್ನಲ್ಲಿ ಬರೆದದ್ದು. ಜೇಬಲ್ಲಿ ಪರ್ಸ್ ಇಟ್ಟುಕೊಳ್ಳೋದನ್ನೇ ಮರೆತಿದ್ದ ಊರಿಗೆ ಏಕಾಏಕಿ ಎಟಿಎಂ ಎಲ್ಲಿದೆ ಅಂತ ಹುಡುಕುವ ಕೆಲಸ ಬಂತು. ಹತ್ತು ರೂಪಾಯಿ ಬಾಳೆಹಣ್ಣಿಗೂ ಮೊಬೈಲ್ ತೆಗೆಯುತ್ತಿದ್ದ ಗಿರಾಕಿಗೆ ಅಂಗಡಿಯವನು ಕೈಮುಗಿದು "ಕ್ಯಾಶ್ ಇದ್ರೆ ಕೊಡಿ ಸಾರ್, ಇಲ್ಲಾಂದ್ರೆ ನಾಳೆ ಕೊಡಿ" ಅನ್ನತೊಡಗಿದ. ಗುರುತು ಪರಿಚಯ ಇಲ್ಲದವನಿಗೂ ಸಾಲ ಕೊಡ್ತೀನಿ, ಆದರೆ ಯುಪಿಐ ಬೇಡ ಅಂತಾನೆ ಅಂದರೆ ಆತ ಎಷ್ಟು ಹೆದರಿರಬೇಕು ಯೋಚನೆ ಮಾಡಿ.

ಹೆದರಿಸಿದ್ದು ಒಂದು ನೋಟಿಸ್. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಪೇಮೆಂಟ್ ಕಂಪನಿಗಳಿಂದ ಯುಪಿಐ ವಹಿವಾಟಿನ ವಿವರ ತರಿಸಿಕೊಂಡಿತು. 2021-22ರಿಂದ 2024-25ರವರೆಗೆ ನಾಲ್ಕು ವರ್ಷದ ಲೆಕ್ಕ. ವರ್ಷಕ್ಕೆ 40 ಲಕ್ಷಕ್ಕಿಂತ ಹೆಚ್ಚು ಹಣ ಯುಪಿಐ ಮೂಲಕ ಬಂದಿದೆ, ಆದರೆ ಜಿಎಸ್‌ಟಿ ನೋಂದಣಿ ಇಲ್ಲ ಎಂಬಂಥವರನ್ನು ಪಟ್ಟಿ ಮಾಡಿ ಸಾವಿರಾರು ಸಣ್ಣ ವರ್ತಕರಿಗೆ ನೋಟಿಸ್ ಕಳಿಸಿತು. ಲಕ್ಷಗಟ್ಟಲೆ ರೂಪಾಯಿ ತೆರಿಗೆಯ ಮಾತು ಅದರಲ್ಲಿತ್ತು. ಹಾವೇರಿಯಲ್ಲಿ ತಾಜಾ ತರಕಾರಿ ಮಾರುವವರಿಗೂ ಇಂಥದ್ದೊಂದು ಬಂತು. ತರಕಾರಿಗೆ ತೆರಿಗೆಯೇ ಇಲ್ಲ ಅನ್ನೋದು ಜಿಎಸ್‌ಟಿ ಓದದವರಿಗೂ ಗೊತ್ತಿರುವ ವಿಷಯ.

ಆ ವಾರ ನಾನು ಸ್ಟುಡಿಯೋದಲ್ಲಿ ಕೂತು ಕೇಳಿದ ಮಾತುಗಳಲ್ಲಿ ಹೆಚ್ಚಿನವು ಒಂದೇ ಅರ್ಥದವು: "ಯುಪಿಐ ಬಳಸಿದ್ರೆ ಟ್ಯಾಕ್ಸ್ ಹಾಕ್ತಾರಂತೆ." ಇಲ್ಲ ಸ್ವಾಮಿ, ಹಾಕೋದಿಲ್ಲ. ಫೋನ್‌ಪೇ, ಗೂಗಲ್ ಪೇ, ಪೇಟಿಎಂ, ಭೀಮ್ ಯಾವುದರಲ್ಲಿ ದುಡ್ಡು ಕಳಿಸಿದರೂ ಕಳಿಸಿದ್ದಕ್ಕೆ ತೆರಿಗೆ ಇಲ್ಲ, ಪಡೆದದ್ದಕ್ಕೂ ತೆರಿಗೆ ಇಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ, 2,000 ರೂಪಾಯಿ ಮೇಲ್ಪಟ್ಟ ಯುಪಿಐ ಪಾವತಿಗೆ ಜಿಎಸ್‌ಟಿ ಬರುತ್ತದೆ ಎಂಬ ಗಾಳಿಸುದ್ದಿ ಎದ್ದು, ಕೇಂದ್ರ ಹಣಕಾಸು ಸಚಿವಾಲಯವೇ ಅದು ಸುಳ್ಳು ಅಂತ ಹೇಳಬೇಕಾಯಿತು. ತೆರಿಗೆ ಇರೋದು ಮಾರಿದ ಸರಕಿನ ಮೇಲೆ. ಗಿರಾಕಿ ನೋಟು ಕೊಡಲಿ, ಸ್ಕ್ಯಾನ್ ಮಾಡಲಿ, ಚೆಕ್ ಬರೆಯಲಿ, ಕಾನೂನಿಗೆ ಎಲ್ಲವೂ ಒಂದೇ. ಹಾಗಾಗಿ ರಟ್ಟಿನ ಬೋರ್ಡು ನೇತುಹಾಕಿದ್ದರಿಂದ ಯಾರ ತೆರಿಗೆಯೂ ಒಂದು ಪೈಸೆ ಕಡಿಮೆ ಆಗಲಿಲ್ಲ.

ಹಾಗಾದರೆ ಬದಲಾಗಿದ್ದೇನು? ಅದನ್ನು ಹೇಳೋಕೆ ಅಂಗಡಿಯ ಕಟ್ಟೆ ಮೇಲಿರುವ ಆ ಮಾತಾಡುವ ಪೆಟ್ಟಿಗೆಯಿಂದ ಶುರು ಮಾಡಬೇಕು.

"ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ" ಅನ್ನುತ್ತಲ್ಲ, ಆ ಸೌಂಡ್‌ಬಾಕ್ಸ್. ಅದರೊಳಗೆ ನಮ್ಮ ಮೊಬೈಲಲ್ಲಿ ಇರುವಂಥದ್ದೇ ಒಂದು ಸಿಮ್, ಒಂದು ಬ್ಯಾಟರಿ, ಒಂದು ಸ್ಪೀಕರ್. ಅಷ್ಟೇ. ನೀವು ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದಾಗ ನಿಮ್ಮ ಆ್ಯಪ್ ಆ ಸಂದೇಶವನ್ನು ಬ್ಯಾಂಕ್ ಮೂಲಕ ಎನ್‌ಪಿಸಿಐ, ಅಂದರೆ ರಾಷ್ಟ್ರೀಯ ಪಾವತಿ ನಿಗಮದ ಜಾಲಕ್ಕೆ ಮುಟ್ಟಿಸುತ್ತದೆ. ಆ ಜಾಲ ನಿಮ್ಮ ಬ್ಯಾಂಕಿಗೆ 'ಕಳೆ' ಅನ್ನುತ್ತೆ, ಅಂಗಡಿಯವನ ಬ್ಯಾಂಕಿಗೆ 'ಕೂಡು' ಅನ್ನುತ್ತೆ. ಎರಡೂ ಕಡೆಯಿಂದ 'ಆಯ್ತು' ಅಂತ ಬಂದ ಮೇಲೆ ಪೇಮೆಂಟ್ ಕಂಪನಿಯ ಸರ್ವರ್ ಆ ಪೆಟ್ಟಿಗೆಗೆ ಸುದ್ದಿ ಕಳಿಸುತ್ತದೆ, ಪೆಟ್ಟಿಗೆ ಕೂಗುತ್ತದೆ. ಇಷ್ಟೆಲ್ಲ ನಡೆಯೋದು ನೀವು ಟೀ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ. ಅಂಗಡಿಯವರಿಗೆ ಅದು ಯಾಕೆ ಬೇಕಾಯಿತು ಅಂದರೆ, ಕೆಲವು ಪುಂಡರು ನಕಲಿ ಸ್ಕ್ರೀನ್‌ಶಾಟ್ ತೋರಿಸಿ ಸಾಮಾನು ಹೊತ್ತುಕೊಂಡು ಹೋಗುತ್ತಿದ್ದರು. ರಶ್ ಇರುವಾಗ ಪ್ರತಿಯೊಂದಕ್ಕೂ ಮೊಬೈಲ್ ನೋಡುತ್ತಾ ಕೂರೋದು ಆಗದ ಮಾತು. ಪೆಟ್ಟಿಗೆ ಕೂಗಿದರೆ ದುಡ್ಡು ಬಂತು ಅಂತ ಲೆಕ್ಕ.

2016ರ ಏಪ್ರಿಲ್‌ನಲ್ಲಿ ಯುಪಿಐ ಅನಾವರಣ ಆದಾಗ ಅದು ಬೀಡಾ ಅಂಗಡಿವರೆಗೂ ಬರುತ್ತೆ ಅಂದಿದ್ದರೆ ನಕ್ಕುಬಿಡುತ್ತಿದ್ದರು. ನವೆಂಬರ್ 8ರ ನೋಟ್ ಬ್ಯಾನ್ ಅದನ್ನು ತಳ್ಳಿತು, ಕೋವಿಡ್ ಮನೆಮನೆಗೆ ಮುಟ್ಟಿಸಿತು. 2025ರ ಜೂನ್ ತಿಂಗಳೊಂದರಲ್ಲೇ ದೇಶದಲ್ಲಿ ಸುಮಾರು 1,840 ಕೋಟಿ ಯುಪಿಐ ವ್ಯವಹಾರ, 24 ಲಕ್ಷ ಕೋಟಿ ರೂಪಾಯಿ. 2020ರ ಜನವರಿಯಿಂದ ಯುಪಿಐ ಪಾವತಿಗೆ ವರ್ತಕರಿಂದ ಕಮಿಷನ್ ತೆಗೆದುಕೊಳ್ಳುವಂತಿಲ್ಲ. ಸಣ್ಣ ವರ್ತಕರು ಪಡೆಯುವ 2,000 ರೂಪಾಯಿವರೆಗಿನ ಪಾವತಿಗೆ ಕೇಂದ್ರ ಸರ್ಕಾರವೇ ಬ್ಯಾಂಕುಗಳಿಗೆ ನೂರಕ್ಕೆ 15 ಪೈಸೆ ಲೆಕ್ಕದಲ್ಲಿ ಪ್ರೋತ್ಸಾಹಧನ ಕೊಡುತ್ತಿತ್ತು. 2024-25ಕ್ಕೆ ಅದಕ್ಕೇ 1,500 ಕೋಟಿ ಎತ್ತಿಟ್ಟಿತ್ತು. ಅಂದರೆ ಒಂದು ಸರ್ಕಾರ ದುಡ್ಡು ಕೊಟ್ಟು ಸಣ್ಣ ಅಂಗಡಿಯವನನ್ನು ಇದಕ್ಕೆ ಕರೆತಂದಿತು. ಇನ್ನೊಂದು ಸರ್ಕಾರ ಅದೇ ಲೆಕ್ಕ ಇಟ್ಟುಕೊಂಡು ನೋಟಿಸ್ ಕೊಟ್ಟಿತು.

ಕಮಿಷನ್ ಇಲ್ಲ ಅಂದಮೇಲೆ ಕಂಪನಿಗಳಿಗೆ ಏನು ಲಾಭ? ಪೆಟ್ಟಿಗೆಗೆ ತಿಂಗಳ ಬಾಡಿಗೆ ಬರುತ್ತೆ. ಅದಕ್ಕಿಂತ ದೊಡ್ಡ ಲಾಭ ಅವರಿಗೆ ಕಾಣುವ ಲೆಕ್ಕದಲ್ಲಿದೆ. ಯಾವ ಅಂಗಡಿ ಬೆಳಗ್ಗೆ ಎಷ್ಟಕ್ಕೆ ಬಾಗಿಲು ತೆರೆಯುತ್ತೆ, ಭಾನುವಾರ ಎಷ್ಟು ವ್ಯಾಪಾರ, ಹಬ್ಬದಲ್ಲಿ ಎಷ್ಟು ಏರುತ್ತೆ, ಎಲ್ಲವೂ ಅಲ್ಲಿದೆ. ಅದನ್ನು ನೋಡಿಯೇ "ನಿಮಗೆ ಇಷ್ಟು ಸಾಲ ಸಿಗುತ್ತೆ" ಅಂತ ಆ್ಯಪಲ್ಲಿ ಮೆಸೇಜು ಬರೋದು. ಕಂತನ್ನು ದಿನದ ಕಲೆಕ್ಷನ್ನಿನಲ್ಲೇ ಹಿಡಿದುಕೊಳ್ಳುವುದೂ ಉಂಟು. ಮೊದಲು ಗಲ್ಲಾಪೆಟ್ಟಿಗೆ ಇತ್ತು, ಸಂಜೆ ಎಣಿಸಿದರೆ ಗೊತ್ತಾಗುತ್ತಿತ್ತು, ಮಾರನೇ ದಿನ ಮರೆತುಹೋಗುತ್ತಿತ್ತು. ಈಗ ಪ್ರತಿ ಹತ್ತು ರೂಪಾಯಿಗೂ ತಾರೀಕು, ಗಂಟೆ, ಕೊಟ್ಟವರ ಹೆಸರು ಸಹಿತ ದಾಖಲೆ ಇದೆ. ಇದು ಅಂಗಡಿಯವನ ಕಿರ್ದಿ ಪುಸ್ತಕವೇ. ಆದರೆ ಅದನ್ನು ಬರೆದವನು ಅವನಲ್ಲ, ಇಟ್ಟುಕೊಂಡವನೂ ಅವನಲ್ಲ. ಸಾಲ ಕೊಡುವವನು ಓದಿದ, ತೆರಿಗೆಯವನು ಓದಿದ. ಅಂಗಡಿಯವನು ಮಾತ್ರ ಓದಿರಲಿಲ್ಲ. ನನ್ನ ಮಟ್ಟಿಗೆ ಈ ಗಲಾಟೆಯ ಬೇರು ಇರೋದು ಇಲ್ಲಿ.

ಓದಿದ್ದರೆ ಏನು ಕಾಣುತ್ತಿತ್ತು? ಬನ್ನಿ, ಲೆಕ್ಕ ಹಾಕೋಣ.

ಕಾನೂನು ಹೇಳೋದು ಹೀಗೆ. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಸೇವೆ ಕೊಡುವವರಿಗೆ 20 ಲಕ್ಷ. 40 ಲಕ್ಷ ಅಂದರೆ ದೊಡ್ಡ ಸಾಹುಕಾರನ ಲೆಕ್ಕ ಅನ್ನಿಸುತ್ತೆ ಅಲ್ವಾ? 365ರಿಂದ ಭಾಗಿಸಿ. ದಿನಕ್ಕೆ ಹನ್ನೊಂದು ಸಾವಿರವೂ ಆಗೋದಿಲ್ಲ. ಬಸ್ ಸ್ಟಾಪ್ ಪಕ್ಕದ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಬೆಳಗ್ಗೆ ಹಾಲು, ಹಗಲೆಲ್ಲ ನೀರಿನ ಬಾಟಲು, ಸಂಜೆ ಬ್ರೆಡ್ಡು ಬನ್ನು ಮಾರಿದರೆ ಈ ಗೆರೆ ದಾಟೋದು ಕಷ್ಟವೇನಲ್ಲ. ಇನ್ನು ಟೀ ಅಂಗಡಿ. ಟೀ ಮಾಡಿ ಲೋಟಕ್ಕೆ ಹಾಕಿ ಕೊಡೋದನ್ನು ಕಾನೂನು ಹೋಟೆಲ್ ಸೇವೆ ಅಂತ ನೋಡುತ್ತದೆ, ಹಾಗಾಗಿ ಅಲ್ಲಿ ಗೆರೆ 20 ಲಕ್ಷ. ದಿನಕ್ಕೆ ಸುಮಾರು 5,480 ರೂಪಾಯಿ. ಟೀಗೆ 15 ರೂಪಾಯಿ ಅಂದರೆ ದಿನಕ್ಕೆ 365 ಲೋಟ. ಒಂದು ಐಟಿ ಕಂಪನಿಯ ಗೇಟಿನ ಮುಂದೆ ಇದು ಮಧ್ಯಾಹ್ನದೊಳಗೆ ಮುಗಿಯುವ ವ್ಯಾಪಾರ.

ನಮ್ಮ ಕಚೇರಿ ಹತ್ತಿರ ಟೀ ಮಾರುವವರಿಗೆ ಈ ಲೆಕ್ಕ ಹೇಳಿದೆ. "ಸಾರ್, ಹಾಲಿಗೆ, ಗ್ಯಾಸಿಗೆ, ಬಾಡಿಗೆಗೆ, ಹುಡುಗನ ಸಂಬಳಕ್ಕೆ ಹೋದ್ಮೇಲೆ ನಂಗೆ ಉಳಿಯೋದೆಷ್ಟು ಅಂತ ಯಾರಾದ್ರೂ ಕೇಳ್ತಾರಾ?" ಅಂದರು. ಜಿಎಸ್‌ಟಿ ಕೇಳೋದಿಲ್ಲ. ಲಾಭ ನೋಡೋದು ಆದಾಯ ತೆರಿಗೆ. ಜಿಎಸ್‌ಟಿ ನೋಡೋದು ವಹಿವಾಟು. ಟರ್ನೋವರ್ ಬೇರೆ, ಲಾಭ ಬೇರೆ ಅನ್ನೋದನ್ನು ಅಂಗಡಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ, ಅವರಿಗೆ ಅದು ದಿನಾ ರಾತ್ರಿಯ ಅನುಭವ. ಆದರೆ ತೆರಿಗೆ ಕಾನೂನು ಎರಡರಲ್ಲಿ ಯಾವುದನ್ನು ಎಣಿಸುತ್ತೆ ಅನ್ನೋದು ಅವರಿಗೆ ತಲುಪಿರಲಿಲ್ಲ.

ಇನ್ನೊಂದು ಗಂಟು ಇದೆ, ಇದನ್ನು ಬಿಡಿಸದೆ ಮುಂದೆ ಹೋಗೋ ಹಾಗಿಲ್ಲ. ಹಾಲು, ತಾಜಾ ತರಕಾರಿ, ಹಣ್ಣು, ಬ್ರೆಡ್ಡು ಇವಕ್ಕೆ ತೆರಿಗೆ ಇಲ್ಲ. ಬರೀ ಇಂಥವನ್ನೇ ಮಾರುವವರು ಕೋಟಿ ರೂಪಾಯಿ ವಹಿವಾಟು ಮಾಡಿದರೂ ನೋಂದಣಿಯೇ ಬೇಕಿಲ್ಲ. ತರಕಾರಿ ವ್ಯಾಪಾರಿಗೆ ನೋಟಿಸ್ ಹೋಗಿದ್ದು ತಪ್ಪು ಅಂತ ನಾನು ಹೇಳೋದು ಅದಕ್ಕೇ. ಆದರೆ ಹಾಲಿನ ಜೊತೆ ಬಿಸ್ಕತ್ತು ಕೂಡ ಮಾರಿದರೆ ಕಥೆ ಬೇರೆ. ಆಗ 40 ಲಕ್ಷದ ಗೆರೆ ದಾಟಿತಾ ಅಂತ ನೋಡುವಾಗ ಹಾಲಿನ ದುಡ್ಡನ್ನೂ ಸೇರಿಸಿ ಎಣಿಸುತ್ತಾರೆ. ದಾಟಿದ ಮೇಲೆ ತೆರಿಗೆ ಹಾಕುವಾಗ ಮಾತ್ರ ಹಾಲನ್ನು ಬಿಡುತ್ತಾರೆ. ಎಣಿಕೆಗೆ ಒಂದು ಲೆಕ್ಕ, ತೆರಿಗೆಗೆ ಇನ್ನೊಂದು. ಆಡಿಟರ್ ಇಟ್ಟುಕೊಂಡವರಿಗೇ ಇದು ತಲೆ ತಿನ್ನುತ್ತೆ. ಹಾಲಿನ ಕ್ರೇಟು ಇಳಿಸಿಕೊಳ್ಳೋಕೆ ಬೆಳಗ್ಗೆ ನಾಲ್ಕಕ್ಕೇ ಏಳುವವರ ಪಾಡೇನು?

ಈಗ ಆ ಯುಪಿಐ ದಾಖಲೆಯ ಮಿತಿ ನೋಡಿ. 50 ರೂಪಾಯಿ ಬಂತು ಅಂತ ಅದು ಹೇಳುತ್ತೆ. ಯಾತಕ್ಕೆ ಬಂತು ಅಂತ ಹೇಳೋದಿಲ್ಲ. ಹಾಲಿಗೋ ಸಿಗರೇಟಿಗೋ ಅದಕ್ಕೆ ಗೊತ್ತಿಲ್ಲ. ಭಾವಮೈದ ವಾಪಸ್ ಕೊಟ್ಟ ಕೈಸಾಲ, ಚೀಟಿ ಎತ್ತಿದ ದುಡ್ಡು, ಚಿಲ್ಲರೆ ಇಲ್ಲ ಅಂತ ಪಕ್ಕದ ಅಂಗಡಿಯವನ ಗಿರಾಕಿ ಇಲ್ಲಿ ಸ್ಕ್ಯಾನ್ ಮಾಡಿ ನೋಟು ಒಯ್ದದ್ದು, ಮಗಳ ಮದುವೆಗೆ ನೆಂಟರು ಕಳಿಸಿದ್ದು, ಎಲ್ಲವೂ ಅದೇ ಕ್ಯೂಆರ್‌ಗೆ ಬಂದು ಬಿದ್ದಿರುತ್ತೆ. ಒಟ್ಟು ಮೊತ್ತ ನೋಡಿ ಇದೆಲ್ಲ ವ್ಯಾಪಾರ ಅಂದುಕೊಂಡರೆ ಅದು ಲೆಕ್ಕವಲ್ಲ, ಅಂದಾಜು. ಅಂದಾಜಿನ ಮೇಲೆ ವಿಚಾರಿಸೋದು ತಪ್ಪಲ್ಲ. ವಿಚಾರಿಸುವ ಮೊದಲೇ ಮೊತ್ತ ಬರೆದು ಕಳಿಸೋದು ತಪ್ಪು.

ಆ ಮೊತ್ತಗಳು ಅಷ್ಟು ದೊಡ್ಡದಾಗಿ ಕಾಣಿಸಿದ್ದು ಯಾಕೆ? ಒಂದು ಅಂಗಡಿ ಅಂದುಕೊಳ್ಳಿ. ವರ್ಷಕ್ಕೆ 50 ಲಕ್ಷ ವಹಿವಾಟು. ಅದರಲ್ಲಿ 20 ಲಕ್ಷ ಹಾಲು, ಬ್ರೆಡ್ಡು. ಉಳಿದ 30 ಲಕ್ಷಕ್ಕೆ ತೆರಿಗೆ ಇದೆ. ನೂರಕ್ಕೆ ಹತ್ತು ರೂಪಾಯಿ ಉಳಿದರೂ ವರ್ಷದ ಲಾಭ 5 ಲಕ್ಷ. ಯುಪಿಐ ಮೊತ್ತ ಇಡಿಯಾಗಿ ಹಿಡಿದು ಶೇಕಡ 18 ಹಾಕಿದರೆ ವರ್ಷಕ್ಕೆ 9 ಲಕ್ಷ, ನಾಲ್ಕು ವರ್ಷಕ್ಕೆ 36 ಲಕ್ಷ. ಬಡ್ಡಿ, ದಂಡ ಬೇರೆ. ಅಂಗಡಿ ಮಾರಿದರೂ ತೀರಲ್ಲ. ಹಾಲು ಬಿಟ್ಟು ಲೆಕ್ಕ ಹಾಕಿದರೂ ವರ್ಷಕ್ಕೆ 5 ಲಕ್ಷ 40 ಸಾವಿರ. ಅದೂ ಲಾಭಕ್ಕಿಂತ ಹೆಚ್ಚು. ಅದೇ ಅಂಗಡಿಯವನು ಮೊದಲೇ ನೋಂದಣಿ ಮಾಡಿಸಿ ರಾಜಿ ತೆರಿಗೆ, ಅಂದರೆ ಕಾಂಪೋಸಿಷನ್ ಸ್ಕೀಮ್ ಆರಿಸಿಕೊಂಡಿದ್ದರೆ? ಒಂದೂವರೆ ಕೋಟಿವರೆಗಿನ ವಹಿವಾಟಿನ ವ್ಯಾಪಾರಿಗೆ ಅದರಲ್ಲಿ ಶೇಕಡ 1 ಮಾತ್ರ, ಅದೂ ತೆರಿಗೆ ಇರುವ ಸರಕಿನ ಮೇಲೆ. 30 ಲಕ್ಷಕ್ಕೆ 30 ಸಾವಿರ. ತಿಂಗಳಿಗೆ ಎರಡೂವರೆ ಸಾವಿರ. 36 ಲಕ್ಷ ಎಲ್ಲಿ, ವರ್ಷಕ್ಕೆ 30 ಸಾವಿರ ಎಲ್ಲಿ! ಒಂದೇ ಅಂಗಡಿ, ಒಂದೇ ವ್ಯಾಪಾರ. ನಡುವೆ ಇರೋದು ಒಂದು ಅರ್ಜಿ. ಅದನ್ನು ಹಿಂದಿನ ವರ್ಷಗಳಿಗೆ ಅನ್ವಯಿಸಿ ಈಗ ಹಾಕೋಕೆ ಆಗೋದಿಲ್ಲ.

ಇದರಲ್ಲಿ ಇನ್ನೊಂದು ಅನ್ಯಾಯವೂ ಅಡಗಿದೆ. ಅಂಗಡಿಯವನು ಬಿಸ್ಕತ್ತನ್ನು ಡಿಸ್ಟ್ರಿಬ್ಯೂಟರ್ ಹತ್ತಿರ ತರುವಾಗಲೇ ತೆರಿಗೆ ಕೊಟ್ಟಿರುತ್ತಾನೆ. 2025ರ ಜುಲೈನಲ್ಲಿ ಇದ್ದ ದರದಲ್ಲಿ 100 ರೂಪಾಯಿ ಸರಕಿಗೆ 18 ರೂಪಾಯಿ. ಅದನ್ನೇ 108ಕ್ಕೆ ಮಾರಿದರೆ ತೆರಿಗೆ 19 ರೂಪಾಯಿ 44 ಪೈಸೆ. ನೋಂದಣಿ ಆದವನು ಮೊದಲು ಕೊಟ್ಟ 18 ರೂಪಾಯಿ ಕಳೆದು ಬರೀ 1 ರೂಪಾಯಿ 44 ಪೈಸೆ ಕಟ್ಟುತ್ತಾನೆ. ನೋಂದಣಿ ಇಲ್ಲದವನಿಗೆ ಆ ಕಳೆಯುವ ಹಕ್ಕಿಲ್ಲ, ಪೂರ್ತಿ 19 ರೂಪಾಯಿ 44 ಪೈಸೆ ಕೇಳುತ್ತಾರೆ. ಸರ್ಕಾರಕ್ಕೆ ಈಗಾಗಲೇ ಸೇರಿದ ದುಡ್ಡು ಮತ್ತೊಮ್ಮೆ ಸೇರುತ್ತದೆ. "ಟ್ಯಾಕ್ಸ್ ಕಟ್ಟದೆ ವ್ಯಾಪಾರ ಮಾಡ್ತಿದ್ರು" ಅಂತ ಟೀವಿ ಚರ್ಚೆಗಳಲ್ಲಿ ಜೋರಾಗಿ ಮಾತಾಡಿದವರು ಇದ್ದಾರಲ್ಲ, ಅವರು ಈ 18 ರೂಪಾಯಿಯ ಸುದ್ದಿ ಎತ್ತಲೇ ಇಲ್ಲ.

ಹಾಗಂತ ನಾನು ಅಂಗಡಿಯವರೆಲ್ಲ ಮುಗ್ಧರು ಅನ್ನೋದಿಲ್ಲ. ಎರಡು ಕ್ಯೂಆರ್ ಇಟ್ಟುಕೊಂಡು, ಒಂದು ಹೆಂಡತಿ ಹೆಸರಲ್ಲಿ, ಒಂದು ತಮ್ಮನ ಹೆಸರಲ್ಲಿ, ಗೆರೆಯ ಕೆಳಗೇ ನಿಲ್ಲುವ ಚಾಲಾಕಿಗಳೂ ಇದ್ದಾರೆ. ಪಕ್ಕದಲ್ಲೇ ನೋಂದಣಿ ಮಾಡಿಸಿ, ತಿಂಗಳು ತಿಂಗಳು ಆಡಿಟರ್‌ಗೆ ದುಡ್ಡು ಕೊಟ್ಟು ರಿಟರ್ನ್ ಹಾಕುವ ಅಂಗಡಿಯವನಿಗೆ ಇವರಿಂದ ಏಟು ಬೀಳೋದು ನಿಜ. ಕಾನೂನು ಎಲ್ಲರಿಗೂ ಒಂದೇ ಆಗಿರಬೇಕು ಅನ್ನುವ ಅವನ ಮಾತಿಗೆ ನಾನು ಏನೂ ಉತ್ತರ ಕೊಡಲಾರೆ. ಆದರೆ ಮೊದಲ ವರ್ಷ ಗೆರೆ ದಾಟಿದ್ದು ಇಲಾಖೆಯ ಕಂಪ್ಯೂಟರಿಗೆ ಕಾಣಬಹುದಿತ್ತು. ಆಗಲೇ ಒಂದು ಎಸ್‌ಎಂಎಸ್, ಕನ್ನಡದಲ್ಲಿ ನಾಲ್ಕು ಸಾಲು: ನಿಮ್ಮ ವಹಿವಾಟು ಇಷ್ಟಾಗಿದೆ, ನೋಂದಣಿ ಮಾಡಿಸಿ, ಶೇಕಡ 1ರ ದಾರಿ ಇದೆ. ನಾಲ್ಕು ವರ್ಷ ಸುಮ್ಮನಿದ್ದು ಒಟ್ಟಿಗೆ ಲೆಕ್ಕ ಚುಕ್ತಾ ಮಾಡು ಅಂದರೆ ಯಾವ ಗಟ್ಟಿ ವ್ಯಾಪಾರಿಯೂ ತಡೆದುಕೊಳ್ಳಲ್ಲ.

ಆಮೇಲೆ ರಾಜಕೀಯ ಶುರುವಾಯಿತು. ಇದು ರಾಜ್ಯದ ಇಲಾಖೆ ಕಳಿಸಿದ ನೋಟಿಸ್, ನಮಗೆ ಸಂಬಂಧವಿಲ್ಲ ಅಂತ ಕೇಂದ್ರದವರು. ಜಿಎಸ್‌ಟಿ ನಿಮ್ಮದು ಅಂತ ರಾಜ್ಯದವರು. ಜಿಎಸ್‌ಟಿ ಕೌನ್ಸಿಲ್‌ನಲ್ಲಿ ಇಬ್ಬರೂ ಒಂದೇ ಮೇಜಿಗೆ ಕೂರುತ್ತಾರೆ ಅನ್ನೋದನ್ನು ಇಬ್ಬರೂ ಹೇಳಲಿಲ್ಲ. ವರ್ತಕರು ಜುಲೈ 25ಕ್ಕೆ ಬಂದ್ ಕರೆ ಕೊಟ್ಟರು. ಅದಕ್ಕೆ ಎರಡು ದಿನ ಮೊದಲು, 23ರಂದು, ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವರ್ತಕರ ಪ್ರತಿನಿಧಿಗಳನ್ನು ಕರೆದು ಮಾತಾಡಿದರು. ತೆರಿಗೆ ವಿನಾಯಿತಿ ಇರುವ ಸರಕಿನ ಮೇಲೆ ತೆರಿಗೆ ಕೇಳೋದಿಲ್ಲ, ಹಳೆ ಬಾಕಿ ವಸೂಲಿ ಮಾಡೋದಿಲ್ಲ, ಆದರೆ ಇನ್ನು ಮುಂದೆ ನೋಂದಣಿ ಮಾಡಿಸಿಕೊಳ್ಳಲೇಬೇಕು ಅಂದರು. ಬಂದ್ ವಾಪಸಾಯಿತು.

ಬಂದ್ ವಾಪಸಾದರೂ ರಟ್ಟಿನ ಬೋರ್ಡುಗಳು ಎಲ್ಲ ಕಡೆ ಇಳಿಯಲಿಲ್ಲ. ಅದೇ ನನಗೆ ಆತಂಕ. ಕ್ಯಾಶ್‌ಗೆ ವಾಪಸ್ ಹೋದವನು ಏನೇನು ಕಳೆದುಕೊಳ್ಳುತ್ತಾನೆ ನೋಡಿ. ಚಿಲ್ಲರೆ ತಾಪತ್ರಯ, ಖೋಟಾ ನೋಟು, ರಾತ್ರಿ ದುಡ್ಡು ಹೊತ್ತು ಮನೆಗೆ ಹೋಗುವ ಭಯ ಒಂದು ಕಡೆ ಇರಲಿ. ಐದಾರು ವರ್ಷದಿಂದ ಅವನ ಹೆಸರಲ್ಲಿ ಬೆಳೆದಿದ್ದ ಬ್ಯಾಂಕ್ ದಾಖಲೆ ನಿಂತುಹೋಗುತ್ತೆ. ಫ್ರಿಡ್ಜು ಕೊಳ್ಳೋಕೆ, ಅಂಗಡಿ ದೊಡ್ಡದು ಮಾಡೋಕೆ ಸಾಲ ಬೇಕಾದರೆ ತೋರಿಸಲು ಕಾಗದ ಇರೋದಿಲ್ಲ. ಮತ್ತೆ ವಾರದ ಬಡ್ಡಿಯವನ ಬಾಗಿಲಿಗೇ ಹೋಗಬೇಕು. ಅವನು ಜಿಎಸ್‌ಟಿಗಿಂತ ಎಷ್ಟು ಪಾಲು ಹೆಚ್ಚು ಕಿತ್ತುಕೊಳ್ಳುತ್ತಾನೆ ಅನ್ನೋದನ್ನು ಕೆ.ಆರ್. ಮಾರುಕಟ್ಟೆಯಲ್ಲಿ ಬೆಳಗ್ಗೆ ಸಾಲ ತಂದು ಸೊಪ್ಪು ಮಾರುವವರನ್ನು ಕೇಳಿ.

ಇನ್ನು ನೋಟಿಸ್ ಕೈಯಲ್ಲಿ ಹಿಡಿದು ಕೂತವರಿಗೆ. ಮುಖ್ಯಮಂತ್ರಿ ಹೇಳಿದ್ದಾರಲ್ಲ ಅಂತ ಅದನ್ನು ಗಲ್ಲಾದ ಕೆಳಗೆ ತಳ್ಳಬೇಡಿ, ಕಾಗದಕ್ಕೆ ಕಾಗದದಲ್ಲೇ ಉತ್ತರ ಕೊಡಿ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ, ಕೈಸಾಲ, ಚೀಟಿ, ಮನೆಮಂದಿ ಹಾಕಿದ ದುಡ್ಡಿಗೆ ಪೆನ್ಸಿಲಲ್ಲಿ ಗುರುತು ಮಾಡಿ. ಹಾಲಿನ ಡೀಲರ್, ಬ್ರೆಡ್ ಕಂಪನಿ ಕೊಟ್ಟ ಖರೀದಿ ಬಿಲ್ಲುಗಳನ್ನು ಹುಡುಕಿ. ತೆರಿಗೆ ಇಲ್ಲದ ಸರಕು ಎಷ್ಟು ತಂದಿರಿ ಅನ್ನೋದಕ್ಕೆ ಅದೇ ಸಾಕ್ಷಿ. ಬಿಲ್ಲು ಸಿಗದಿದ್ದರೆ ಅವರ ಹತ್ತಿರವೇ ನಕಲು ಕೇಳಿ, ಅವರ ಪುಸ್ತಕದಲ್ಲಿ ಇರುತ್ತೆ. ಬ್ಯಾಂಕಿಗೆ ಹೋಗಿ ಅಂಗಡಿಗೇ ಬೇರೆ ಖಾತೆ, ಬೇರೆ ಕ್ಯೂಆರ್ ಮಾಡಿಸಿ. ಮನೆ ದುಡ್ಡಿಗೆ ನಿಮ್ಮ ಹಳೆಯ ನಂಬರ್ ಇರಲಿ. ನೋಂದಣಿಗೆ ಸರ್ಕಾರಕ್ಕೆ ಶುಲ್ಕ ಇಲ್ಲ. ಮಾಡಿಸಿಕೊಡ್ತೀನಿ ಅಂತ ಐದು ಸಾವಿರ ಕೇಳುವ ಮಧ್ಯವರ್ತಿಗಳು ಆ ತಿಂಗಳಲ್ಲೇ ಹುಟ್ಟಿಕೊಂಡಿದ್ದರು, ಹುಷಾರು. ರಾಜಿ ತೆರಿಗೆ ಬೇಕಿದ್ದರೆ ನೋಂದಣಿ ಅರ್ಜಿಯಲ್ಲೇ ಅದನ್ನು ಗುರುತು ಮಾಡಿಸಿ. ಆ ದಾರಿ ಹಿಡಿದವರು ಮೂರು ತಿಂಗಳಿಗೊಮ್ಮೆ ಹಣ ಕಟ್ಟಿ, ವರ್ಷಕ್ಕೊಂದು ರಿಟರ್ನ್ ಹಾಕಿದರೆ ಸಾಕು. ಗಿರಾಕಿಯಿಂದ ಬೇರೆಯಾಗಿ ಜಿಎಸ್‌ಟಿ ಅಂತ ವಸೂಲಿ ಮಾಡುವಂತಿಲ್ಲ ಅನ್ನೋದೊಂದು ನೆನಪಿರಲಿ. ಹೋಟೆಲ್, ಟೀ ಅಂಗಡಿಯವರಿಗೆ ಇದೇ ಸ್ಕೀಮಿನಲ್ಲಿ ಶೇಕಡ 1 ಅಲ್ಲ, 5. ಆ 365 ಲೋಟದವರು ತಮ್ಮ ಲೆಕ್ಕವನ್ನು ಅದಕ್ಕೆ ತಕ್ಕಂತೆ ಹಾಕಿಕೊಳ್ಳಬೇಕು.